ಮಾವನ ಹೆಸರಿನ ಕರೆಂಟು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ವಿದ್ಯುತ್ ಕಚೇರಿಗೆ ಫೋನ್ ಮಾಡಿ ನನ್ನ ಸೋದರಮಾವನ ಸ್ವರದಲ್ಲಿ ಮಾತಾಡಿದವನು ನಾನೇ. ಮಾವ ಕಾರ್ಕಳದಲ್ಲಿ ಗಟ್ಟಿಮುಟ್ಟಾಗಿದ್ದಾರೆ, ಅವರ ಬಳಿ ಸ್ವಂತ ಫೋನೂ ಉಂಟು. ಆದರೂ ಅವರ ಪರವಾಗಿ ನಾನು ಮಾತಾಡಿದೆ. ಮದುವೆಮನೆಗಳಲ್ಲಿ ನೆಂಟರಿಷ್ಟರ ಸ್ವರ ತೆಗೆದು ನಗಿಸುವವನಿಗೆ ಇಂಥ ಧೈರ್ಯ ಬೇಗ ಬರುತ್ತದೆ. ಬುದ್ಧಿ ಬರುವುದು ಸ್ವಲ್ಪ ನಿಧಾನ.

ಎಲ್ಲ ಶುರುವಾದದ್ದು ಅಡುಗೆಮನೆಯಿಂದ. ಅಲೆವೂರಿನ ನಮ್ಮ ಮನೆಯನ್ನು ಈ ವರ್ಷ ರಿಪೇರಿಗೆ ಹಿಡಿದೆವು. ನನಗೆ ಹೊಸ ಟೈಲ್ಸ್ ಬೇಕಿತ್ತು, ಅಮ್ಮನಿಗೆ ಬೇಕಾದದ್ದು ದೊಡ್ಡ ಗ್ರೈಂಡರ್ ಇಡುವಷ್ಟು ಜಾಗ. ಮಣಿಪಾಲದ ಒಂದು ಹಾಸ್ಟೆಲ್ ಮೆಸ್ಸಿನವರು, ರಜೆ ಮುಗಿದು ಮಕ್ಕಳು ಬರುವ ದಿನದಿಂದ ದಿನಾ ದೋಸೆ ಹಿಟ್ಟು ಕೊಡಲು ಆಗುತ್ತದಾ ಎಂದು ಅಮ್ಮನನ್ನು ಕೇಳಿದ್ದರು. ಇಷ್ಟು ವರ್ಷ ನಮ್ಮ ಹೊಟ್ಟೆಗೆ ಮಾತ್ರ ಅರೆದವಳು ಎರಡನೇ ಸಲ ಕೇಳಿಸಿಕೊಳ್ಳದೆ ಹೂಂ ಅಂದಿದ್ದಳು. ಆ ದಿನಕ್ಕೆ ಹಿಟ್ಟು ಹೋಗದಿದ್ದರೆ ಬೇರೆಯವರು ತಯಾರಾಗಿಯೇ ಇದ್ದರು.

ವಯರಿಂಗ್ ನೋಡಲು ಕಾಪುವಿನಿಂದ ದಿನೇಶಣ್ಣ ಬಂದ. ಚಾವಡಿಯ ಗೋಡೆಯಲ್ಲಿದ್ದ ಮರದ ಬೋರ್ಡಿನ ಮುಂದೆ, ದೇವರಕೋಣೆಯ ಎದುರು ನಿಂತವನ ಹಾಗೆ ಸ್ವಲ್ಪ ಹೊತ್ತು ನಿಂತ. ಮೀಟರನ್ನು ಯಾವಾಗಲೋ ಬದಲಿಸಿದ್ದರು. ಉಳಿದದ್ದೆಲ್ಲ ಮೂಲಪ್ರತಿ: ಪಿಂಗಾಣಿಯ ಫ್ಯೂಸು, ಬಟ್ಟೆ ಸುತ್ತಿದ ವಯರು, ಅದರ ಹಿಂದೆ ಒಂದು ಹಲ್ಲಿಯ ಸಂಸಾರ.

"ಪಂಪು ಹಾಕುವಾಗ ಮಿಕ್ಸಿ ತಿರುಗುತ್ತದಾ ಅಕ್ಕ?" ಎಂದು ಕೇಳಿದ.

"ಒಂದು ನಿಲ್ಲಿಸಿ ಇನ್ನೊಂದು ಹಾಕುವುದು," ಎಂದಳು ಅಮ್ಮ, ಅದೇ ಸೃಷ್ಟಿಯ ನಿಯಮ ಎಂಬಂತೆ.

"ಹಾಗಾದರೆ ಗ್ರೈಂಡರ್ ಹಾಕಿದ ದಿನ ಹಲ್ಲಿಗಳಿಗೆ ಮೊದಲೇ ಹೇಳಿಬಿಡಿ. ತ್ರೀ ಫೇಸ್ ಬೇಕು. ಕನೆಕ್ಷನ್ ಯಾರ ಹೆಸರಿನಲ್ಲಿ ಉಂಟು?"

ಅಮ್ಮ ಚಾ ತರಲು ಒಳಗೆ ಹೋದಳು. ಕನೆಕ್ಷನ್ ಇದ್ದದ್ದು ಅವಳ ಅಣ್ಣನ ಹೆಸರಿನಲ್ಲಿ.

ನಮ್ಮಲ್ಲಿ ಅಳಿಯಕಟ್ಟು, ಆಸ್ತಿ ಹೆಣ್ಣಿನ ಕಡೆಗೆ. ಪಾಲಾದಾಗ ಮನೆ ಅಮ್ಮನಿಗೆ ಬಂತು, ಮಾವ ಕಾರ್ಕಳದ ಹೆಂಡತಿಮನೆಗೆ ಹೋದರು. ಹೋಗುವಾಗ ಹಿತ್ತಲಿನ ಬಾವಿಯ ವಿಷಯದಲ್ಲಿ ಒಂದು ಮಾತು ಬಂತು, ಒಂದು ಮಾತು ಹೋಯಿತು, ಆಮೇಲೆ ಒಂಬತ್ತು ವರ್ಷ ಮಾತೇ ಇಲ್ಲ. ತೆರಿಗೆ ರಶೀದಿಯಲ್ಲಿ, ರೇಷನ್ ಕಾರ್ಡಿನಲ್ಲಿ ಹೆಸರು ಬದಲಾಯಿಸಿಕೊಂಡೆವು. ಕರೆಂಟಿನದು ಮರೆತೇಹೋಯಿತು. ಸ್ವಿಚ್ ಒತ್ತಿದರೆ ಉರಿಯುವ ವಸ್ತುವಿಗೆ ಯಜಮಾನನೊಬ್ಬ ಇರುತ್ತಾನೆಂದು ಯಾರು ಯೋಚಿಸುತ್ತಾರೆ? ಬಿಲ್ಲಿನ ತಲೆಯಲ್ಲಿ ತಿಂಗಳು ತಿಂಗಳು ಮಾವನ ಹೆಸರು ಬರುತ್ತಿತ್ತು, ಅಮ್ಮ ಅದನ್ನು ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸುತ್ತಿದ್ದಳು. ಮಾತು ಬಿಟ್ಟವರ ಬೆಳಕಿನಲ್ಲಿ ನಾವು ಒಂಬತ್ತು ವರ್ಷ ಊಟ ಮಾಡಿದ್ದೆವು. ಅಮ್ಮ ಹುಡುಗಿಯಾಗಿದ್ದಾಗ ಪರೀಕ್ಷೆಗೆ ಓದಿದ್ದೂ ಅದೇ ಬೆಳಕಿನಲ್ಲಿ. ತಂಗಿ ಚಿಮಣಿ ದೀಪದ ಹೊಗೆಯಲ್ಲಿ ಓದುತ್ತಾಳೆಂದು ಕಚೇರಿಗೆ ಅಲೆದಲೆದು ಕಂಬ ಹಾಕಿಸಿದವರು ಮಾವನೇ ಅಂತೆ. ಇದನ್ನು ಅಮ್ಮ ಹೇಳಿದ್ದು ದಿನೇಶಣ್ಣ ಹೋದ ಮೇಲೆ, ಖಾಲಿ ಲೋಟ ತೊಳೆಯುತ್ತಾ.

ಕಚೇರಿಯ ಮೇಡಂ ಒಳ್ಳೆಯವರು. ಹೆಸರು ಬದಲಾಗಬೇಕು, ಹಳೆಯ ಗ್ರಾಹಕರು ಬದುಕಿರುವುದರಿಂದ ಅವರ ಒಪ್ಪಿಗೆ ಪತ್ರ ಬೇಕು ಎಂದರು. ಅರ್ಜಿಯಲ್ಲಿ ಮಾವನ ಫೋನ್ ನಂಬರ್ ಕೇಳಿದ್ದರು. ಅಮ್ಮ ಪುಸ್ತಕ ನೋಡದೆ ಬರೆದಳು. ಒಮ್ಮೆಯೂ ಒತ್ತದ ನಂಬರು ಅವಳಿಗೆ ಬಾಯಿಪಾಠ.

ಇಲ್ಲಿ ನನ್ನ ಪ್ರತಿಭೆ ನಡುವೆ ಬಂತು. ಮಾವನ ಸ್ವರ ನನ್ನ ಅತ್ಯುತ್ತಮ ಐಟಂ: ಎರಡು ಸಲ ಕೆಮ್ಮಿ, ಗಂಟಲನ್ನು ಗರಗಸ ಮಾಡಿಕೊಂಡು "ಅದೆಲ್ಲ ಆಗಲಿಕ್ಕಿಲ್ಲ" ಎಂದರೆ ಸಾಕು, ಪೆರ್ಡೂರಿನ ನೆಂಟರು ಎಲೆಯ ಮೇಲೆ ಬಿದ್ದು ನಗುತ್ತಾರೆ. ಕಚೇರಿಗೆ ಫೋನ್ ಮಾಡಿ ಅದೇ ಗರಗಸದಲ್ಲಿ, "ನನ್ನದು ಎಂತ ತಕರಾರಿಲ್ಲ, ಅವರ ಕೆಲಸ ಮಾಡಿಕೊಡಿ, ಪತ್ರ ಎಲ್ಲ ಎಂತಕ್ಕೆ?" ಎಂದೆ. ಮೇಡಂ ಸಂತೋಷಪಟ್ಟರು. ಪತ್ರವಿಲ್ಲದೆ ಆಗುವುದಿಲ್ಲ ಎಂದು ನೆನಪಿಸಲು, ಮರುದಿನ ಅರ್ಜಿಯಲ್ಲಿದ್ದ ನಂಬರಿಗೆ ತಾವೇ ಫೋನ್ ಮಾಡಿದರು.

ಸಂಜೆ ಅಮ್ಮನ ಫೋನ್ ಹೊಡೆದುಕೊಂಡಿತು. ಒಂಬತ್ತು ವರ್ಷದ ಮೇಲೆ ಅಣ್ಣ ತಂಗಿಗೆ ಹೇಳಿದ್ದು ಇಷ್ಟೇ: "ನಿನ್ನ ಮಗನನ್ನು ಕಳಿಸು."

ಮರುದಿನ ಒಂದು ಕೈಯಲ್ಲಿ ಮಾವ ಸಹಿ ಹಾಕಬೇಕಾದ ಪತ್ರ, ಇನ್ನೊಂದು ಕೈಯಲ್ಲಿ ಅಮ್ಮ ದೋಸೆ ಹಿಟ್ಟು ತುಂಬಿ ಕೊಟ್ಟ ಹಿಡಿಕೆಯ ತೂಕುಪಾತ್ರೆ ಹಿಡಿದು ಕಾರ್ಕಳದ ಬಸ್ಸು ಹತ್ತಿದೆ. ದಾರಿಯಲ್ಲಿ ಹಿಟ್ಟು ಉಬ್ಬುತ್ತಿತ್ತು, ನಾನು ಕುಗ್ಗುತ್ತಿದ್ದೆ.

ಮಾವ ಜಗಲಿಯಲ್ಲಿ ಕೂತಿದ್ದರು. ತುಳುವಿನಲ್ಲಿ ಅವರು ಅಂದ ಮೊದಲ ಶಬ್ದವನ್ನು ಬಿಟ್ಟುಬಿಡುತ್ತೇನೆ. ಕನ್ನಡದಲ್ಲಿ ಬರೆಯುವಾಗ ಎಲ್ಲರೂ ಸ್ವಲ್ಪ ಸಭ್ಯರಾಗುತ್ತಾರೆ. ಆಮೇಲೆ ಅಂದರು, "ಎಲ್ಲಿ, ನಾನು ಹೇಗೆ ಮಾತಾಡುವುದು? ಹೇಳು ನೋಡುವ."

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಎರಡು ಸಲ ಕೆಮ್ಮಿ, "ಅದೆಲ್ಲ ಆಗಲಿಕ್ಕಿಲ್ಲ" ಎಂದೆ. ಒಳಗೆ ಅತ್ತೆ ನಕ್ಕದ್ದು ಕೇಳಿಸಿತು. ಮಾವ ನಗಲಿಲ್ಲ. ಆಗಲೇ ನನಗೆ ಗೊತ್ತಾದದ್ದು, ಅವರು ಈಗ ಕೆಮ್ಮುವುದೇ ಇಲ್ಲ. ಬೀಡಿ ಬಿಟ್ಟು ಎಷ್ಟೋ ಕಾಲವಾಗಿತ್ತು. ಗರಗಸವೂ ಹೋಗಿ ಸ್ವರ ತೆಳ್ಳಗಾಗಿತ್ತು, ಪಕ್ಕದಲ್ಲಿ ಕೂತು ಕೇಳಬೇಕಾದಷ್ಟು. ಇಷ್ಟು ವರ್ಷ ಊರೂರಲ್ಲಿ ನಾನು ತೆಗೆದದ್ದು ಈ ಜಗಲಿಯ ಮನುಷ್ಯನ ಸ್ವರವಲ್ಲ. ನಮ್ಮ ಚಾವಡಿಯ ಬೋರ್ಡಿನ ಹಾಗೆ ಅದೂ ಹಳೆಯದು, ಯಾರೂ ಬಂದು ಪರೀಕ್ಷೆ ಮಾಡದೆ ಬಿಟ್ಟದ್ದು. ಬೋರ್ಡಿಗಾದರೂ ಹಲ್ಲಿಗಳು ಹತ್ತಿರ ಇದ್ದವು.

ತಪ್ಪಾಯಿತು ಎಂದೆ, ನನ್ನ ಸ್ವಂತ ಸ್ವರದಲ್ಲಿ. ಅದು ನನಗೇ ಅಪರಿಚಿತವಾಗಿ ಕೇಳಿಸಿತು. ಪತ್ರ ಮುಂದಿಟ್ಟೆ. ಮಾವ ತೂಕುಪಾತ್ರೆಯ ಮುಚ್ಚಳ ತೆರೆದು ಮೂಸಿ ನೋಡಿದರು, ಮುಚ್ಚಿದರು, ಕನ್ನಡಕ ಹಾಕಿಕೊಂಡರು.

"ನನ್ನ ಹಾಗೆ ಮಾತಾಡಲಿಕ್ಕೆ ಬರ್ತದೆ ನಿನಗೆ. ನನ್ನ ಹತ್ತಿರ ಬಂದು ಮಾತಾಡಲಿಕ್ಕೆ ಒಂಬತ್ತು ವರ್ಷ ಬೇಕಾಯ್ತಲ್ಲ ಮಾರಾಯ. ಪೆನ್ನು ತಾ."