ಚಕ್ಕಿನ ಕೀಲಿ

ಆಗ ಹುಣಸೂರಿನಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪು. ಆಲೆಮನೆಗಳು ಶುರುವಾಗಿ, ರಿಪೇರಿಗೆ ಬಂದ ಕಬ್ಬಿನ ಗಾಣಗಳು ಬಾಗಿಲಲ್ಲೇ ಸಾಲುಗಟ್ಟಿದ್ದಾಗ ಡ್ರಿಲ್ ಮಿಷನ್ನಿನ ಚಕ್ಕು ಒಡೆಯಿತು. ಬೈರಿಗೆಯನ್ನು ಕಚ್ಚಿ ಹಿಡಿಯುವುದೇ ಅದು. ಅದಿಲ್ಲದೆ ಒಂದು ತೂತೂ ಬೀಳುವುದಿಲ್ಲ.

ಹಳೇ ಕಬ್ಬಿಣದ ಅಂಗಡಿಯ ಸಾಬರು ಎರಡು ಚಕ್ಕು ಮುಂದಿಟ್ಟರು. ಒಂದು ಹೊಸದು, ಅಗ್ಗ, ಫಳಫಳ ಹೊಳೆಯುತ್ತಿತ್ತು. ಇನ್ನೊಂದು, ಕೊಡಗಿನ ತೋಟ ಮಾರಿ ಸೀಮೆಗೆ ಹೊರಟ ಇಂಗ್ಲಿಷ್ ದೊರೆಯೊಬ್ಬನ ಹಳೇ ಮಾಲು, ಇದ್ದಿಲಿನಂತೆ ಕಪ್ಪಗಿತ್ತು. ಎರಡಕ್ಕೂ ಬೈರಿಗೆ ಸಿಕ್ಕಿಸಿ, ಕೈಯಲ್ಲೇ ಬಿಗಿದು ತಿರುಗಿಸಿದೆ. ಹೊಸದರಲ್ಲಿ ತುದಿ ಹೆಂಡ ಕುಡಿದವನಂತೆ ತೂರಾಡಿತು. ಹಳೆಯದರಲ್ಲಿ ಅಲುಗಲಿಲ್ಲ.

"ಹಳೇದೇ ಕೊಡಿ ಸಾಬರೇ. ಬಿಗಿಯೋ ಕೀಲಿ ಎಲ್ಲಿ?"

"ಅದು ದೊರೆ ಜೊತೇಲೇ ಸೀಮೆಗೆ ಓಯ್ತೋ ಏನೋ ಕಣಣ್ಣ!"

ಹೊಸದರ ಜೊತೆಗಿದ್ದ ಕೀಲಿಯನ್ನು ಹಳೆಯದಕ್ಕೆ ಹಾಕಿ ನೋಡಿದೆ. ಹೇಳಿ ಮಾಡಿಸಿದಂತೆ ಕೂತಿತು.

"ಅಂಗಾದ್ರೆ ಈ ಕೀಲಿನೂ ಕೊಟ್‌ಬುಡಿ."

ಸಾಬರು ನಕ್ಕರು. "ಕೀಲಿ ಇಲ್ದಿರೋ ಹೊಸ ಚಕ್ಕನ್ನ ನಾನ್ ಯಾರಿಗೆ ಮಾರ್ಲಿ?"

ಮಾತು ಸರಿಯೇ. ಗೊಣಗುತ್ತಾ ಎರಡನ್ನೂ ತಂದೆ. ಗಾಣಗಳೆಲ್ಲ ರಿಪೇರಿಯಾಗಿ ತಂತಮ್ಮ ಊರಿಗೆ ಹೋದವು. ಹಳೆಯದು ಇವತ್ತಿಗೂ ದುಡಿಯುತ್ತಿದೆ. ಹೊಸದು ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಕೂತಿದೆ. ಅದರ ಹೊಳಪು ನೋಡಿ ಯಾರಾದರೂ "ಎಂಗದೆ ಅಣ್ಣ?" ಎಂದು ಕೇಳಿದರೆ, ಸುಳ್ಳು ಹೇಳುವುದಿಲ್ಲ.

"ಅದರ ಕೀಲಿ ಬಾಳ ಚೆಂದಾಗದೆ ಕಣಪ್ಪ."