ಅಪ್ಪ ನೇಯ್ದ ದುಪ್ಪಟಿಗೆ ಗುಂಜು ಎದ್ದಾಗ

ಅಪ್ಪ ಜೀವಮಾನವಿಡೀ ಮೊಳಕಾಲ್ಮೂರಿನಲ್ಲಿ ಬೇರೆಯವರಿಗಾಗಿ ರೇಷ್ಮೆ ಸೀರೆ ನೇಯ್ದವನು. ಮನೆಗೆಂದು ಅವನು ನೇಯ್ದದ್ದು ಒಂದೇ ಒಂದು, ಹತ್ತಿಯ ದುಪ್ಪಟಿ. ಬಿಳಿ ಮೈ, ಕಂದು ಅಂಚು. ಮಗಳು ತನ್ನದೇ ಸಂಸಾರ ಹೂಡಿದಾಗ ಅವಳ ಮಂಚಕ್ಕೆ ಹಾಸಲಿ ಎಂದು ಹೇಳಿ ಅವ್ವನ ಟ್ರಂಕಿನಲ್ಲಿ ಇಡಿಸಿದ್ದ. ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಅವನು ತೀರಿಕೊಂಡ ಮೇಲೆ ನಾನು ಅದನ್ನು ಬಿಚ್ಚಿ ನೋಡಲೇ ಇಲ್ಲ.

ಮದುವೆಯಾಗಿ ಪರಶುರಾಂಪುರದ ತುಂಬಿದ ಮನೆಗೆ ಹೋದಾಗಲೂ ಕೇಳಲಿಲ್ಲ. ಗಂಡನಿಗೆ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಕೆಲಸ ಸಿಕ್ಕಿ, ನಾವಿಬ್ಬರೇ ಬಾಡಿಗೆ ಮನೆ ಹಿಡಿದಾಗ ಅವ್ವನೇ ಬಸ್ಸಿನಲ್ಲಿ ತಂದುಕೊಟ್ಟಳು. ಮಡಿಕೆಗಳ ನಡುವೆ ಬೇವಿನ ಎಲೆ ಇತ್ತು.

"ನಿಮ್ಮಪ್ಪಂದು ಕಣವ್ವ. ಜೋಪಾನ," ಅಂದಳು.

ಅವಳ ಮುಂದೆಯೇ ಹಾಸಿದೆ. ಅವಳು ಊರಿಗೆ ಹೋದ ಮೇಲೆ ಅದರ ಮೇಲೆ ಮಲಗಿ ಅತ್ತುಬಿಟ್ಟೆ.

ಕೆಲವು ಒಗೆತ ಕಳೆಯುವಷ್ಟರಲ್ಲಿ ಬಟ್ಟೆಯ ಮೈಮೇಲೆ ಗುಂಜು ಎದ್ದಿತು. ಸಾಸಿವೆ ಕಾಳಿಗಿಂತ ಚಿಕ್ಕ ನೂಲುಂಡೆಗಳು. ಮಗ್ಗುಲು ತಿರುಗುವ ಕಡೆ, ಕಾಲು ಚಾಚುವ ಕಡೆ ಹೆಚ್ಚು. ಬೆರಳಲ್ಲಿ ಕಿತ್ತರೆ ಬರುತ್ತಿದ್ದವು, ಮುಂದಿನ ಒಗೆತಕ್ಕೆ ಮತ್ತೆ ಹುಟ್ಟುತ್ತಿದ್ದವು. ಅಪ್ಪ ಕೂತು ನೇಯ್ದದ್ದನ್ನು ನಾನು ಹಾಳುಮಾಡುತ್ತಿದ್ದೇನೆ ಅನ್ನಿಸಿ ಅವ್ವನಿಗೆ ಫೋನು ಮಾಡಿದೆ.

ಅವ್ವ ತಾಳ್ಮೆಯಿಂದ ಹೇಳಿಕೊಟ್ಟಳು. ಮೇಲ್ಮೈ ಒಳಗಾಗುವಂತೆ ಮಡಿಸಿ ಒಗೆಯಬೇಕು. ಟವೆಲು, ಜೀನ್ಸ್ ಪ್ಯಾಂಟು ಜೊತೆಗೆ ಹಾಕಬಾರದು, ಒರಟು ಬಟ್ಟೆ ತಿಕ್ಕಿ ಎಳೆ ಏಳುತ್ತದೆ. ಬ್ರಷ್ ಮುಟ್ಟಿಸಬಾರದು. ಪೌಡರ್ ಕಡಿಮೆ, ತಣ್ಣೀರು, ಮೆಷಿನ್ನಿನಲ್ಲಿ ಹೆಚ್ಚು ಹೊತ್ತು ತಿರುಗಿಸಬಾರದು. ಎಲ್ಲವನ್ನೂ ಹಾಗೆಯೇ ಮಾಡಿದೆ. ಗುಂಜು ಕಡಿಮೆಯಾಯಿತು, ನಿಲ್ಲಲಿಲ್ಲ. ಹೀಗಾಗಿ ದಿನಾ ಸಂಜೆ ಫೋನಿನಲ್ಲಿ ಅವ್ವನ ಜೊತೆ ಆ ಮಾತು ನಡೆದೇ ಇತ್ತು. ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ಮಾತಾಡಿದ್ದು ಅದೇ ಮೊದಲು. ನಿಜ ಹೇಳಬೇಕೆಂದರೆ, ಆ ಫೋನಿಗಾಗಿ ನಾನು ಕಾಯುತ್ತಿದ್ದೆ.

ಫೋನಿನಲ್ಲಿ ವಿಡಿಯೊ ಹುಡುಕಿಯೂ ನೋಡಿದೆ. ಬಟ್ಟೆಯ ಗಿಡ್ಡ ಎಳೆಗಳು ತಿಕ್ಕಾಟಕ್ಕೆ ಮೇಲೆದ್ದು, ಒಂದಕ್ಕೊಂದು ಸುತ್ತಿಕೊಂಡು ಉಂಡೆಯಾಗುತ್ತವಂತೆ. ಬರೀ ಹತ್ತಿಯಾದರೆ ಉಂಡೆ ತಾನೇ ಉದುರಿಹೋಗುತ್ತದೆ, ಪಾಲಿಸ್ಟರ್ ಬೆರೆತಿದ್ದರೆ ಆ ಗಟ್ಟಿ ಎಳೆ ಅದನ್ನು ಬಿಡದೆ ಹಿಡಿದುಕೊಳ್ಳುತ್ತದೆ ಎಂದು ಒಬ್ಬಳು ಹೇಳುತ್ತಿದ್ದಳು. ಅದು ಅಂಗಡಿ ಬಟ್ಟೆಯ ಮಾತು, ನಮ್ಮದರದಲ್ಲ ಎಂದು ಫೋನು ಕೆಳಗಿಟ್ಟೆ. ಬದಲಿಗೆ ಗಂಡನ ಒಡೆದ ಹಿಮ್ಮಡಿಯ ಮೇಲೆ ಸಿಟ್ಟು ತೀರಿಸಿಕೊಂಡೆ. ಕಾಲು ತೊಳೆದು, ಎಣ್ಣೆ ಹಚ್ಚಿ, ಆಮೇಲೆ ಮಂಚ ಹತ್ತು ಎಂದೆ. ಮಿಲ್ಲಿನಲ್ಲಿ ನಿಂತು ನಿಂತು ದಣಿದು ಬಂದವನು, ಒಂದು ದಿನ ಚಾಪೆ ಹಾಸಿಕೊಂಡು ನೆಲದ ಮೇಲೆ ಮಲಗಿಬಿಟ್ಟ.

ಆಮೇಲೆ ತಮ್ಮನ ಮಗುವಿನ ತೊಟ್ಟಿಲು ಶಾಸ್ತ್ರ ಬಂತು. ಬಿ.ಜಿ. ಕೆರೆ ದಾಟಿ ಮೊಳಕಾಲ್ಮೂರು ಸೇರುವ ಹೊತ್ತಿಗೆ ಮನೆ ತುಂಬ ನೆಂಟರು. ಮಗುವಿಗೆ ನಿದ್ದೆ ಹತ್ತಿತ್ತು, ಒಳಗೆ ಮಲಗಿಸಿ ಬಾ ಎಂದು ನನ್ನ ಕೈಗೆ ಕೊಟ್ಟರು. ತಮ್ಮನ ಕೋಣೆಯ ಮಂಚದ ಮೇಲೆ ಮಲಗಿಸಿ ಕೈ ತೆಗೆಯುವಾಗ ಅಂಗೈಗೆ ಹಾಸು ತಗುಲಿತು. ದಪ್ಪವಾಗಿ, ತಣ್ಣಗೆ, ನುಣುಪಾಗಿತ್ತು. ಬಿಳಿ ಮೈ, ಕಂದು ಅಂಚು. ಎಲ್ಲೂ ಒಂದು ಗುಂಜಿಲ್ಲ.

ತಮ್ಮನ ಹೆಂಡತಿ ಹಾಲಿನ ಬಾಟಲಿ ಹಿಡಿದು ಬಂದಳು. ಇದೆಲ್ಲಿ ತಗೊಂಡೆ ಎಂದು ಸುಮ್ಮನೆ ಕೇಳಿದೆ.

"ತಗೊಂಡಿದ್ದಲ್ಲ ಅಕ್ಕ. ಮಾವ ನೇಯ್ದಿದ್ದಂತೆ. ಟ್ರಂಕಿನಾಗಿತ್ತು, ಚೆನ್ನಾಗೈತೆ ಅಂದೆ, ಅತ್ತೆ ಕೊಟ್ಬಿಟ್ರು," ಅಂದಳು. ಅವಳ ಮುಖದಲ್ಲಿ ಖುಷಿ ಬಿಟ್ಟರೆ ಬೇರೇನೂ ಇರಲಿಲ್ಲ. ಅದು ನನಗೆಂದು ಇಟ್ಟದ್ದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅವ್ವ ಹಿತ್ತಿಲಲ್ಲಿ ಎಲೆ ತೊಳೆಯುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತೆ. ನನಗೆ ಕೊಟ್ಟದ್ದು ಯಾವುದು ಎಂದು ಕೇಳಿದೆ. ಅವಳ ಕೈ ನಿಂತಿತು. ಸಂತೆಯಲ್ಲಿ ಅಂಥದ್ದೇ ಅಂಚಿನದು ಸಿಕ್ಕಿತು, ಗಂಜಿ ಹೋಗಿ ಹಳೆಯದರಂತೆ ಕಾಣಲಿ ಎಂದು ನಾಲ್ಕಾರು ಸಲ ಒಗೆದೆ ಎಂದು ತಲೆಯೆತ್ತದೆ ಹೇಳಿದಳು.

"ಅವಳು ಕೇಳಿದ್ಲು. ಇಲ್ಲ ಅನ್ನಕ್ಕಾಗ್ಲಿಲ್ಲ. ನಾಳೆ ನಾ ಹಾಸಿಗೆ ಹಿಡಿದ್ರೆ ನೋಡೋಳು ಅವಳು, ನೀನಲ್ಲ."

"ಮತ್ತೆ ಫೋನಿನಾಗೆ ಅದೆಲ್ಲ ಯಾಕೆ ಹೇಳಿಕೊಟ್ಟೆ?"

"ಅದಾದ್ರೂ ನಾಲ್ಕು ದಿನ ಬಾಳಿಕೆ ಬರ್ಲಿ ಅಂತ."

ಅವ್ವ ಒಂದು ಮಾತು ಕೇಳಿದ್ದರೆ ದುಪ್ಪಟಿಯನ್ನು ನಾನೇ ತಮ್ಮನ ಹೆಂಡತಿಗೆ ಬಿಟ್ಟುಕೊಡುತ್ತಿದ್ದೆನೋ ಏನೋ. ನನ್ನನ್ನು ಕೊರೆದದ್ದು ಆ ಸಂಜೆಗಳು. ನಾನು ಅಪ್ಪನ ಹೆಸರು ಹೇಳಿ ಪೇಚಾಡುವಾಗ, ಆ ಕಡೆಯಿಂದ ಅವ್ವ ಎಲ್ಲ ಗೊತ್ತಿದ್ದೂ ಹೂಂ ಅನ್ನುತ್ತಿದ್ದಳು. ಊಟಕ್ಕೆ ಕೂತು, ಅರ್ಧಕ್ಕೇ ಎಲೆ ಮಡಚಿದೆ. ತಮ್ಮನ ಹೆಂಡತಿಗೆ ಏನೂ ಹೇಳದೆ ಮಧ್ಯಾಹ್ನದ ಬಸ್ಸು ಹತ್ತಿದೆ.

ಬಹಳ ದಿನ ಫೋನು ಮಾಡಲಿಲ್ಲ. ಮೊನ್ನೆ ಕಣ್ಣು ತೋರಿಸಲೆಂದು ಅವ್ವ ಚಳ್ಳಕೆರೆಗೆ ಬಂದು ನಮ್ಮಲ್ಲೇ ಉಳಿದಳು. ಮಂಚದ ಮೇಲೆ ಅದೇ ದುಪ್ಪಟಿ ಇತ್ತು, ಬದಲಿಸಲಿಲ್ಲ. ಅವಳು ಕೂತು ಅಂಗೈ ಆಡಿಸಿ, "ಇಷ್ಟೊಂದು ಎದ್ದಾವಾ," ಅಂದಳು. ಹೌದು ಎಂದೆ. ಆಮೇಲೆ ಕಿಟಕಿಯ ಬೆಳಕಿಗೆ ಜರುಗಿ, ಮಂಜಾದ ಕಣ್ಣನ್ನು ಕಿರಿದು ಮಾಡಿಕೊಂಡು, ಒಂದೊಂದೇ ಗುಂಜು ಕೀಳತೊಡಗಿದಳು. ಬೇಡ ಅನ್ನಬೇಕೆಂದು ಬಾಯಿಗೆ ಬಂತು. ಒಲೆಯ ಮೇಲೆ ಹಾಲು ಇಟ್ಟಿದ್ದೆ, ಒಳಗೆ ಹೋದೆ.