ಯುದ್ಧದ ಹಾಡಿನಲ್ಲಿ ಕಾಯುವವಳು

ಮದ್ರಾಸಿನ ವೆಸ್ಟ್ ಮಾಂಬಲದ ನಮ್ಮ ಬಾಡಿಗೆ ಮನೆಯಲ್ಲಿ ಗ್ರಾಮಾಫೋನಿಗೆ ಎರಡು ಕೆಲಸಗಳಿದ್ದವು. ಮಹಡಿಯ ಬಿಸಿಲೆಲ್ಲ ಮನೆ ಮಾಲೀಕರ ಪಾಲು. ನಮಗೆ ಉಳಿದದ್ದು ಕಿಟಕಿಯಿಂದ ಒಳಗೆ ಬೀಳುವ ಒಂದು ಮೊಳದಷ್ಟು ಬಿಸಿಲು, ಅದೂ ಸರಿಯಾಗಿ ಆ ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಬೀಳುತ್ತಿದ್ದುದರಿಂದ ಅಮ್ಮ ಬೆಳಗಾದರೆ ಸಂಡಿಗೆಯ ಮೊರವನ್ನು ಅಲ್ಲಿಡುತ್ತಿದ್ದಳು. ಸಂಜೆ ಮೊರ ಕೆಳಗಿಳಿದ ಮೇಲೆ ಪೆಟ್ಟಿಗೆ ನನ್ನದು. ಮೂರ್ ಮಾರ್ಕೆಟ್ಟಿನ ಹಳೇ ಸಾಮಾನಿನ ಸಾಲಿನಲ್ಲಿ ಅಣ್ಣ ಒಮ್ಮೆ ಒಂದು ಕಟ್ಟು ಅಮೆರಿಕದ ರೆಕಾರ್ಡುಗಳನ್ನು ತಂದಿದ್ದ. ಹಿಂದಿನ ಮಹಾಯುದ್ಧದಲ್ಲಿ ಈ ಕಡೆ ಬಂದುಹೋದ ಸಿಪಾಯಿಗಳು ಬಿಟ್ಟುಹೋದವೋ, ಊರು ಬಿಟ್ಟ ಯಾವುದೋ ಆಂಗ್ಲೋ ಇಂಡಿಯನ್ ಸಂಸಾರ ಮಾರಿದವೋ, ಅಂತೂ ಹೆಚ್ಚಿನವು ಯುದ್ಧಕಾಲದ ಹಾಡುಗಳು. ಸೆರಗಿನಿಂದ ಅಕ್ಕಿಹಿಟ್ಟಿನ ಪುಡಿ ಒರೆಸಿ ಮುಳ್ಳು ಇಟ್ಟರೆ, ಸಾವಿರಾರು ಮೈಲಿ ದೂರದ ಯಾವಳೋ ಒಬ್ಬಳು ನಮ್ಮ ನಡುಮನೆಯಲ್ಲಿ ನಿಟ್ಟುಸಿರು ಬಿಡಲು ತೊಡಗುತ್ತಿದ್ದಳು.

"ಯಾರೇ ಅದು, ಮೂಗಿನಲ್ಲಿ ಅಳ್ತಿರೋದು? ಅವಳ ವೀಟುಕ್ಕಾರರು ಓಡಿಹೋದ್ರಾ?" ಎಂದು ಅಮ್ಮ ಅಡುಗೆಮನೆಯಿಂದ ಕೇಳುತ್ತಿದ್ದಳು. ಗಂಡ ಯುದ್ಧಕ್ಕೆ ಹೋಗಿದ್ದಾನಮ್ಮಾ ಎಂದರೆ, "ಹಾಗಾದ್ರೆ ಹಾಡೋದು ಯಾಕೆ? ದೇವರ ಮುಂದೆ ದೀಪ ಹಚ್ಚಿ ಸುಮ್ನೆ ಕೂತ್ಕೊಳ್ಳಬಾರದಾ?" ಎನ್ನುವಳು. ನಾನು ಬಿ.ಎ. ಓದಿದವಳು, ಇಂಗ್ಲಿಷ್ ಬಲ್ಲವಳು. ಅಮ್ಮನ ಮಾತಿಗೆ ನಕ್ಕು ಮುಳ್ಳು ಬದಲಾಯಿಸುತ್ತಿದ್ದೆ.

ವರ್ಷಗಟ್ಟಲೆ ಕೇಳಿ ಕೇಳಿ ಆ ಹಾಡುಗಳ ಹೆಂಗಸರೆಲ್ಲ ನನಗೆ ನೆರೆಮನೆಯವರಷ್ಟು ಪರಿಚಿತರಾಗಿದ್ದರು. ಎಲ್ಲರಿಗಿಂತ ಹೆಚ್ಚು ಬರುವವಳು ಕಾಯುವವಳು. ಅವಳಿಗೆ ಕಾಯುವುದೊಂದೇ ಉದ್ಯೋಗ. ಹಸಿವಿಲ್ಲ, ಜ್ವರವಿಲ್ಲ, ರೇಷನ್ ಅಂಗಡಿಯ ಸಾಲಿಲ್ಲ, ಅತ್ತೆಯಂತೂ ಇಲ್ಲವೇ ಇಲ್ಲ. ಪತ್ರ ಬಂದರೆ ಎದೆಗೊತ್ತಿಕೊಳ್ಳುತ್ತಾಳೆ, ಬಾರದಿದ್ದರೆ ಚಂದ್ರನನ್ನು ನೋಡುತ್ತಾಳೆ. ಕಾರ್ಖಾನೆಯಲ್ಲಿ ಪ್ಯಾಂಟು ತೊಟ್ಟು ಕೈಗೆ ಗ್ರೀಸು ಮೆತ್ತಿಕೊಂಡವಳೂ ಇದ್ದಳು. ಅವಳನ್ನು ಹಾಡು ಬಾಯ್ತುಂಬ ಹೊಗಳುತ್ತದೆ, ಆದರೆ ಅವನು ಮರಳಿದ ದಿನ ಅವಳು ಕೈ ತೊಳೆದುಕೊಂಡು ಒಲೆಯ ಮುಂದೆ ನಿಲ್ಲಬೇಕೆಂಬ ಕರಾರಿನ ಮೇಲೆ. ಮಗನನ್ನು ಸೇನೆಗೆ ಕೊಟ್ಟ ಹೆಮ್ಮೆಗೆ, ಆ ದೇಶದ ವಾಡಿಕೆಯಂತೆ, ಕಿಟಕಿಯಲ್ಲಿ ಬಟ್ಟೆಯ ನಕ್ಷತ್ರ ತೂಗುಹಾಕಿದ ತಾಯಿ ಒಬ್ಬಳು. ಇನ್ನೊಬ್ಬನ ಪಕ್ಕದಲ್ಲಿ ಕೂತು ನಕ್ಕವಳನ್ನಂತೂ ಹಾಡು ಊರೆಲ್ಲ ಕೇಳುವಂತೆ ಎಚ್ಚರಿಸುತ್ತದೆ. ಗಂಡಸು ಎಲ್ಲೋ ಕೆಸರಿನಲ್ಲಿ ಮಲಗಿ ಮನೆಯನ್ನು ನೆನೆದಾಗ ಅವನಿಗೆ ಎಂಥ ಹೆಂಗಸು ಬೇಕೆನಿಸಿತೋ ಅಂಥವಳನ್ನೇ ಮನೆಯಲ್ಲಿ ಕೂತ ಇನ್ನೊಬ್ಬ ಗಂಡಸು ಬರೆದುಕೊಟ್ಟಿದ್ದ. ಇಷ್ಟೆಲ್ಲ ನನಗೆ ಆಗಲೇ ಹೊಳೆದಿತ್ತು, ಹೊಳೆದುದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡದ್ದೂ ಉಂಟು.

ನನ್ನ ಕೆಲಸ ವಡಪಳನಿಯ ಒಂದು ಸಂಗೀತದ ಆಫೀಸಿನಲ್ಲಿ. ಆ ಕಾಲಕ್ಕೆ ಕನ್ನಡದ ಚಿತ್ರಗಳೂ ಮದ್ರಾಸಿನಲ್ಲೇ ತಯಾರಾಗುತ್ತಿದ್ದವಷ್ಟೆ. ಹಾಡುವವರು ತಮಿಳರು, ತೆಲುಗರು. ಕನ್ನಡದ ಹಾಡನ್ನು ಅವರವರ ಲಿಪಿಯಲ್ಲಿ ತಪ್ಪಿಲ್ಲದೆ ಬರೆದುಕೊಟ್ಟು, ಉಚ್ಚಾರ ತಿದ್ದುವುದು ನನ್ನ ಪಾಲಿಗೆ ಬಂದಿತ್ತು. ಅರವತ್ತೈದರ ಯುದ್ಧ ಶುರುವಾದಾಗ ನಿರ್ಮಾಪಕರು ತಮ್ಮ ಅರ್ಧ ಮುಗಿದ ಚಿತ್ರಕ್ಕೆ ಒಂದು ಯುದ್ಧದ ಹಾಡು ಬೇಕೆಂದರು: ಗಂಡನನ್ನು ಕಳಿಸಿಕೊಟ್ಟ ಹೆಂಡತಿ ಹಾಡಬೇಕು, ಥಿಯೇಟರಿನಲ್ಲಿ ಒಂದು ಕಣ್ಣೂ ಒಣಗಿರಬಾರದು. ಹಾಡು ಬರೆಯುವ ಆಚಾರ್ರು ಪೌರಾಣಿಕದಲ್ಲಿ ಪಳಗಿದ ವೃದ್ಧರು. ಯುದ್ಧವೆಂದರೆ ಅವರ ಲೇಖನಿಗೆ ಕುರುಕ್ಷೇತ್ರವೇ ಬರುತ್ತಿತ್ತು. "ನೀನು ಇಂಗ್ಲಿಷ್ ಹಾಡು ಕೇಳೋಳಲ್ವೇನಮ್ಮ, ಆ ದೇಶದ ಹೆಂಗಸರು ಏನಂತ ಹಾಡ್ತಾರೆ, ಒಂಚೂರು ಹೇಳು" ಎಂದರು. ಹೇಳಿದೆ; ಕಿಟಕಿ, ಚಂದ್ರ, ಹೆಮ್ಮೆ, ಎಲ್ಲವನ್ನೂ ಧಾರಾಳವಾಗಿ ಹೇಳಿದೆ. ಆಚಾರ್ರು ಬರೆಯುತ್ತ ಬಂದು ಕಡೆಯ ಸಾಲಿಗೆ ನಿಂತರು. ಆಗ ನನ್ನ ಬಾಯಿಂದ ತಾನಾಗಿ ಬಂತು: "ನೀನು ಬಾರದೆ ಹೋದರೂ ನನ್ನ ಕುಂಕುಮ ನಾಡಿನ ಹಣೆಗಿರಲಿ." ಆಚಾರ್ರು ತೊಡೆ ತಟ್ಟಿ "ಭೇಷ್" ಎಂದರು. ಅಂದು ಸಂಜೆ ನಾನು ಬಸ್ಸು ಹತ್ತದೆ, ಆ ಸಾಲನ್ನೇ ಗುನುಗುತ್ತ, ಮಾಂಬಲದವರೆಗೆ ನಡೆದೇ ಹೋದೆ. ನನ್ನ ಹೆಸರು ಎಲ್ಲೂ ಬರುವುದಿಲ್ಲವೆಂದು ಗೊತ್ತಿತ್ತು, ಆದರೂ ಅಷ್ಟು ಸಂತೋಷ ನನಗೆ ಆವರೆಗೆ ಆಗಿರಲಿಲ್ಲ.

ರೆಕಾರ್ಡಿಂಗಿನ ದಿನ ಮುಖ್ಯ ಗಾಯಕಿಗೆ ಗಂಟಲು ಕೈಕೊಟ್ಟಿತು. ವಾದ್ಯದವರೆಲ್ಲ ಬಂದು ಕೂತಾಗಿತ್ತು. ಸಂಗೀತ ನಿರ್ದೇಶಕರು ಕೋರಸ್ಸಿನ ಕಡೆ ತಿರುಗಿ "ವನಜಾ, ನೀನು ಬಾ" ಎಂದರು. ವನಜ ಉಡುಪಿ ಕಡೆಯವಳು. ಅವಳ ಭಾವ ವಡಪಳನಿಯ ಒಂದು ಹೋಟೆಲಿನಲ್ಲಿ ದೋಸೆ ಕಲ್ಲಿನ ಮುಂದೆ ನಿಲ್ಲುತ್ತಿದ್ದ. ಎಂಟು ವರ್ಷಗಳಿಂದ ಕೋರಸ್ಸಿನ ಎರಡನೆಯ ಸಾಲಿನಲ್ಲಿ ನಿಂತು ಇನ್ನೊಬ್ಬರ ಹಾಡಿಗೆ "ಆ..." ಎಂದು ಎಳೆಯುತ್ತಿದ್ದವಳಿಗೆ ಮೊದಲ ಬಾರಿ ತನ್ನದೇ ಎನ್ನುವ ಹಾಡು ಒದಗಿಬಂದಿತ್ತು. ಅವಳ ಗಂಡ ಸೇನೆಯಲ್ಲಿ ಲಾರಿ ಡ್ರೈವರ್, ಗಡಿಯಲ್ಲಿದ್ದ. ಹೋಟೆಲಿನ ವಿಳಾಸಕ್ಕೆ ಬರುತ್ತಿದ್ದ ಅವನ ಪತ್ರ ಮೂರು ವಾರದಿಂದ ಬಂದಿರಲಿಲ್ಲ. ಇದು ನಮಗೆಲ್ಲ ಗೊತ್ತಿತ್ತು. ಹಾಡಿಗೂ ಅದಕ್ಕೂ ಸಂಬಂಧವಿದೆಯೆಂದು, ಕಾಯುವ ಹೆಂಗಸರ ವಿಷಯದಲ್ಲಿ ಪಂಡಿತಳಾದ ನನಗೂ ಹೊಳೆಯಲಿಲ್ಲ.

ಕಾಯಿ ಒಡೆದರು, ಕರ್ಪೂರ ಬೆಳಗಿದರು, ರಾಹುಕಾಲ ಕಳೆದದ್ದನ್ನು ನಿರ್ಮಾಪಕರು ಎರಡು ಸಲ ಗಡಿಯಾರ ನೋಡಿ ಖಚಿತಪಡಿಸಿಕೊಂಡರು. ವನಜ ಹಾಡಿದಳು. ಎಂಥ ಕಂಠ ಮಿತ್ರರೇ! ಎಂಟು ವರ್ಷ ನಾವು ಅದನ್ನು ಎಲ್ಲಿ ಬಚ್ಚಿಟ್ಟಿದ್ದೆವೋ! ಪಲ್ಲವಿ ಮುಗಿಯಿತು, ಮೊದಲ ಚರಣ ಮುಗಿಯಿತು. ಪಿಟೀಲಿನವರು ಕಣ್ಣು ಮುಚ್ಚಿದ್ದರು. ಕಡೆಯ ಸಾಲು ಬಂದಾಗ ಅವಳು ಬಾಯಿ ಮುಚ್ಚಿದಳು. ಆಗೆಲ್ಲ ಒಬ್ಬರು ನಿಂತರೆ ಎಲ್ಲರೂ ಮೊದಲಿನಿಂದ ಶುರುಮಾಡಬೇಕು. ಶುರುಮಾಡಿದರು. ಮತ್ತೆ ಅದೇ ಜಾಗದಲ್ಲಿ ನಿಂತಳು. ಮೂರನೆಯ ಸಲ ನಿಂತಾಗ ವಾದ್ಯಗಳು ಒಂದೊಂದಾಗಿ ನಿಂತವು.

"ನಂಗೆ ಆ ಒಂದು ಸಾಲು ಹಾಡ್ಲಿಕ್ಕೆ ಆಗುದಿಲ್ಲ. ಉಳಿದದ್ದೆಲ್ಲ ಎಷ್ಟು ಸಲ ಬೇಕಾದ್ರೂ ಹಾಡ್ತೇನೆ" ಎಂದಳು.

ನಿರ್ಮಾಪಕರು ಒಳಗೆ ಬಂದರು. "ಏನಮ್ಮಾ ಇದು, ಬರೀ ಒಂದು ಹಾಡು, ಪಾಟ್ಟು ತಾನೇ? ಹಾಡೋಳು ನೀನಲ್ಲ, ಕತೆಯಲ್ಲಿ ಬರೋ ಹೆಂಗಸು. ಹಾಡಿಬಿಟ್ಟು, ಬೇಕಾದ್ರೆ ಮುರುಗನ ಕೋವಿಲಿಗೆ ಹೋಗಿ ಒಂದು ಅರ್ಚನೆ ಮಾಡಿಸು."

"ಬಾಯಿ ನಂದಲ್ವಾ ಸಾರ್" ಎಂದಳು ವನಜ. "ನಿಮ್ಮ ಪಿಚ್ಚರಿನ ಮೊದಲ ಹಾಡಲ್ಲಿ 'ಇಲ್ಲ' ಅಂತ ಬಂತು, ಅಪಶಕುನ ಅಂತ ಮಾತು ಬದಲಾಯಿಸಿದ್ರಿ. ನಿಮ್ಮ ಪಿಚ್ಚರಿಗೆ ಅಸ್ತು ದೇವತೆಗಳಿದ್ದಾರೆ, ನನ್ನ ಗಂಡನಿಗೆ ಇಲ್ವಾ?"

ಕೆಟ್ಟ ಮಾತಾಡಿದರೆ ಮೇಲಿನಿಂದ 'ಅಸ್ತು' ಎಂದುಬಿಡುವ ಆ ದೇವತೆಗಳಿಗೆ ಹೆದರದವರು ಅಲ್ಲಿ ಯಾರೂ ಇರಲಿಲ್ಲ. ನಿರ್ಮಾಪಕರು ಮುಖ ಒರೆಸಿಕೊಂಡರು. ಸಂಗೀತ ನಿರ್ದೇಶಕರು ನನ್ನ ಕಡೆ ತಿರುಗಿದರು. ಆಚಾರ್ರು ಕಣ್ಣಿನ ಆಪರೇಷನ್ ಆಗಿ, ಕೀಲ್ಪಾಕಿನ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. "ಅವರು ಬರೆಯುವಾಗ ನೀವು ಹತ್ತಿರದಲ್ಲಿದ್ದೋರು. ಆ ಒಂದು ಸಾಲು ಬದಲಾಯಿಸಿದರೆ ಆಗುತ್ತಾ?" ಎಂದು ಕೇಳಿದರು.

ವನಜ ನನ್ನನ್ನು ನೋಡಿದಳು. ಆಗಬಹುದಿತ್ತು. "ನೀನು ಬರುವ ದಾರಿಗೆ ನನ್ನ ಕುಂಕುಮ ರಂಗವಲ್ಲಿ" ಎಂಬ ಸಾಲು, ಅದೇ ತಾಳಕ್ಕೆ ಒಪ್ಪುವಂಥದ್ದು, ಎರಡನೆಯ ಸಲ ಅವಳು ನಿಂತಾಗಲೇ ನನ್ನ ತಲೆಯಲ್ಲಿ ಬಂದು ಕೂತಿತ್ತು. ಆದರೆ ಮೊದಲಿನದು ನನ್ನ ಸಾಲು, ಆಚಾರ್ರು ಭೇಷ್ ಎಂದ ಸಾಲು. ಅದನ್ನು ಅಳಿಸಿಬಿಟ್ಟರೆ ಆ ಹಾಡಿನಲ್ಲಿ ಅವರು ಮೆಚ್ಚಿದ ನನ್ನ ಮಾತು ಒಂದೂ ಉಳಿಯುತ್ತಿರಲಿಲ್ಲ. "ಆಚಾರ್ರನ್ನ ಕೇಳದೆ ಒಂದಕ್ಷರ ಮುಟ್ಟೋ ಹಾಗಿಲ್ಲ" ಎಂದೆ. ಎಲ್ಲರೂ ನನ್ನ ಗುರುಭಕ್ತಿಗೆ ತಲೆದೂಗಿದರು. ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಇದು.

ಕೋರಸ್ಸಿನ ಇನ್ನೊಬ್ಬ ಹುಡುಗಿ, ಇನ್ನೂ ಮದುವೆಯಾಗದವಳು, ಒಂದೇ ಸಲಕ್ಕೆ ಹಾಡಿ ಮುಗಿಸಿದಳು. ವನಜ ತನ್ನ ಎರಡನೆಯ ಸಾಲಿಗೆ ಮರಳಿ ಎಂದಿನಂತೆ "ಆ..." ಎಂದಳು, ನನ್ನ ಸಾಲು ಬಂದಾಗ ಮಾತ್ರ ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ನಾನು ಕಂಡೆ. ಹಾಡು ಗೆದ್ದಿತು. ಮಾಂಬಲದ ಓಣಿಯ ರೇಡಿಯೋಗಳಲ್ಲಿ ಅದು ಬಂದಾಗ, ಯುದ್ಧಕ್ಕೆ ಯಾರನ್ನೂ ಕಳಿಸದ ನಾಲ್ಕಾರು ಮನೆಯ ಹೆಂಗಸರು ಕಣ್ಣೊರೆಸಿಕೊಂಡು, ಆ ಸಾಲನ್ನು ಎರಡೆರಡು ಸಲ ಹಾಡಿಕೊಂಡರು. ನಾವೂ ಅಮೆರಿಕದವರಾದೆವು ಎಂದುಕೊಂಡೆ.

ವನಜಳಿಗೆ ಆಮೇಲೆ ಹಾಡು ಸಿಗಲಿಲ್ಲ. ತಕರಾರಿನವಳೆಂದು ಹೆಸರು ಬಿತ್ತು. ಆದರೆ ಪತ್ರ ಬಂತು, ಕೆಲವು ತಿಂಗಳಿಗೆ ರಜೆಯ ಮೇಲೆ ಗಂಡನೂ ಬಂದ. ಭಾವ ಮಾಡಿಸಿಕೊಟ್ಟ ಮೈಸೂರು ಪಾಕಿನ ಪೊಟ್ಟಣ ಹಿಡಿದು ಅವಳು ನಮ್ಮ ಮನೆಗೆ ಬಂದಳು. ಅಮ್ಮ ಅವಳಿಗೆ ಕುಂಕುಮವಿಟ್ಟು ಕಾಫಿ ಕೊಟ್ಟಳು. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು:

"ಒಂದು ಕೇಳ್ಲಿಕ್ಕುಂಟು ಅಕ್ಕ. ಆ ಸಾಲು ಯಾರದ್ದು? ಆಚಾರ್ರು ಅಂಥದ್ದು ಬರಿಯುವವರಲ್ಲ, ನಂಗೆ ಗೊತ್ತು."

ಹೇಳಿಬಿಡಬೇಕೆಂದುಕೊಂಡೆ. ಮಾತು ನಾಲಿಗೆಯ ತುದಿಗೆ ಬಂತು. "ಅದು ಅಮೆರಿಕದ ಒಂದು ಹಾಡಿನಿಂದ ತೆಗೆದದ್ದು" ಎಂದೆ.

ಅವಳು ಮೂಲೆಯಲ್ಲಿದ್ದ ರೆಕಾರ್ಡುಗಳ ಕಡೆ ಒಮ್ಮೆ ನೋಡಿದಳು. "ಹೌದಾ? ಪಾಪ, ಅದನ್ನ ಹಾಡಿದ ಹೆಂಗಸಿನ ಗಂಡ ವಾಪಸ್ ಬಂದನಾ ಏನೋ" ಎಂದಳು. ಇಷ್ಟು ವರ್ಷ ಆ ಹಾಡುಗಳನ್ನು ಕೇಳಿದ್ದ ನಾನು, ಹಾಡಿದವರ ಮನೆಯಿಂದ ಯಾರು ಯುದ್ಧಕ್ಕೆ ಹೋಗಿದ್ದರೆಂದು ಒಮ್ಮೆಯೂ ಯೋಚಿಸಿರಲಿಲ್ಲ.